ಚರ್ಚಿನೊಳಗಿನ ಒಡಕನ್ನು ಸರಿಪಡಿಸುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಕಥೋಲಿಕ ಚರ್ಚುಗಳಲ್ಲಿ ಜನ ಎರಡು ಬಣವಾಗುವುದು ಹೆಚ್ಚಾಗಿ ವಿಶ್ವಾಸದ ಪ್ರಶ್ನೆಗಲ್ಲ. ಹೊಸ ಕಟ್ಟಡದ ಖರ್ಚು, ಹಬ್ಬದ ವಂತಿಗೆ, ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಕೊಂಕಣಿಯಲ್ಲೋ ಕನ್ನಡದಲ್ಲೋ ಎಂಬಂಥ ವಿಷಯಗಳಿಗೆ. ಆದ್ದರಿಂದ ಸಂಧಾನವನ್ನು ಕ್ಷಮೆಯ ಪ್ರವಚನದಿಂದ ಆರಂಭಿಸಬಾರದು. ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಕ್ಷಮಿಸಿ ಎಂದರೆ, ಅದು ಬಾಯಿ ಮುಚ್ಚಿಸುವ ಉಪಾಯವೆಂದೇ ನೊಂದವರಿಗೆ ತೋರುತ್ತದೆ.

ಜಗಳ ಹಣದ್ದಾದರೆ ಮೊದಲು ಲೆಕ್ಕಪತ್ರ ಹೊರಬರಲಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ, ಅಂದರೆ ಒಬ್ಬ ಧರ್ಮಗುರುವಿನ ಪಾಲನೆಯಲ್ಲಿರುವ ಸ್ಥಳೀಯ ಚರ್ಚಿನಲ್ಲೂ, ಆರ್ಥಿಕ ಸಮಿತಿ ಇರಲೇಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯ ವಿಧಿ ಹೇಳುತ್ತದೆ. ಹಾಗಾಗಿ ಲೆಕ್ಕ ಕೇಳಿದವರನ್ನು ಚರ್ಚಿನ ವಿರೋಧಿಗಳೆಂದು ಕರೆಯುವುದು ಅನ್ಯಾಯ.

ಮುಂದಿನದು ಮನೆ ಭೇಟಿ, ಇದಕ್ಕೆ ಅವಸರ ಕೂಡದು. ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು ಎಂಬ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕ್ರಮವನ್ನು ನಾವು ತಲೆಕೆಳಗು ಮಾಡಿ, ನೇರವಾಗಿ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಡುತ್ತೇವೆ. ವಾಳೆಯ (ಚರ್ಚಿನ ವ್ಯಾಪ್ತಿಯ ಒಂದು ವಾರ್ಡಿನ) ಮುಖಂಡರಾದ ಗುರಿಕಾರರು ಸಂಜೆಯ ಜಪಸರ ಮುಗಿಯುವ ಹೊತ್ತಿಗೆ ಮನೆಗೆ ಹೋಗಿ, ವಾದಿಸದೆ ಕೇಳಿ, ಅವರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದುಕೊಂಡು ಓದಿ ಹೇಳಲಿ. ಕಟ್ಟಡದ ಖರ್ಚಿನ ಬಗ್ಗೆ ಗಂಟೆಗಟ್ಟಲೆ ದೂರಿದ ಹಿರಿಯರು ಕೊನೆಗೆ, "ನಮ್ಮ ಅಪ್ಪ ಕಲ್ಲು ಹೊತ್ತ ಇಗರ್ಜಿಯನ್ನು ಕೆಡವುವಾಗ ನಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ" ಎಂದುಬಿಡಬಹುದು. ಆ ನೋವಿಗೆ ರಸೀದಿ ಉತ್ತರವಾಗದು. ಕೇಳದೆ ಕೆಡವಿದವರೇ ಬಂದು ತಪ್ಪಾಯಿತೆನ್ನಬೇಕು.

ಎರಡೂ ಕಡೆಯವರನ್ನು ಕೂಡಿಸುವ ಸಭೆಯನ್ನು ಜಗಳದಲ್ಲಿ ಪಾಲಿರುವ ಧರ್ಮಗುರುಗಳಾಗಲಿ ಭಕ್ತರ ಪ್ರತಿನಿಧಿಗಳಿರುವ ಪಾಲನಾ ಪರಿಷತ್ತಿನ ಉಪಾಧ್ಯಕ್ಷರಾಗಲಿ ನಡೆಸಬಾರದು. ಇಬ್ಬರಿಗೂ ಒಪ್ಪಿಗೆಯಾಗುವ ಬೇರೆ ಚರ್ಚಿನ ಧರ್ಮಗುರುಗಳನ್ನು ಕರೆಯಬೇಕು. ತೀರ್ಮಾನಗಳನ್ನು ಬರೆದು, ಯಾರು ಯಾವ ದಿನದೊಳಗೆ ಏನು ಮಾಡಬೇಕೆಂದು ನಮೂದಿಸಿ, ಎರಡೂ ಕಡೆಯವರ ಸಹಿ ಪಡೆಯಬೇಕು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರಾದರೆ ಈ ಯಾವ ಸಂಧಾನವೂ ಸಲ್ಲದು. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು.

ಒಪ್ಪಂದವಾದ ಮೇಲೆ ಎರಡೂ ಬಣದವರಿಗೆ ಕೂಡಿ ಮಾಡುವ ಕೆಲಸ ಕೊಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಜನ್ಮದಿನ, ಹೊಸ ತೆನೆಯ ಹಬ್ಬ) ಭತ್ತದ ತೆನೆ ತರುವುದು, ಮಕ್ಕಳಿಗೆ ಕಬ್ಬು ಹಂಚುವುದು ಇದಕ್ಕೆ ಚೆನ್ನಾಗಿ ಒದಗುತ್ತವೆ. ಆದರೆ ಒಪ್ಪಂದದಲ್ಲಿ ಬರೆದ ಲೆಕ್ಕ ಅಷ್ಟರೊಳಗೆ ಸಭೆಯ ಮುಂದೆ ಬಂದಿರಬೇಕು. ಬಾರದಿದ್ದರೆ ಹಬ್ಬಕ್ಕಿಂತ ಮೊದಲೇ ಸಭೆಯನ್ನು ಮತ್ತೆ ಕರೆಯಿರಿ.