ಅಜ್ಜಿಯ ಸೀರೆ ದಡಿ, ಫೋಟೋದ ಸುತ್ತ

ಅಜ್ಜ-ಅಜ್ಜಿ ಜೋಡಿಯಾಗಿ ನಿಂತ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿದೆ. ಪೋಸ್ಟ್‌ಕಾರ್ಡ್ ಅಳತೆಯದು, 3.5 ಇಂಚು ಅಗಲ, 5.5 ಇಂಚು ಎತ್ತರ. ಮುಖಗಳು ಚೆನ್ನಾಗಿಯೇ ಉಳಿದಿವೆ, ಅಂಚನ್ನು ಮಾತ್ರ ಹುಳ ತಿಂದಿದೆ. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು ಅಂತ ಅವ್ವನ ಆಸೆ. ಹಾಳಾದ ಅಂಚು ಕತ್ತರಿಸಿ, ಸುತ್ತ ಒಂದು ಚಂದದ ಬಾರ್ಡರ್ ಹಾಕೋಣ ಅಂದುಕೊಂಡೆ.

ನಾನು ಬಳಸೋದು ಗಿಂಪ್, ಫೋಟೋ ತಿದ್ದುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, ಹಳೆ ಲ್ಯಾಪ್‌ಟಾಪಲ್ಲೂ ಓಡುತ್ತದೆ. ಅದರ ಫಿಲ್ಟರ್ಸ್ ಮೆನುವಿನಲ್ಲಿ ಡೆಕೋರ್ ಅಂತ ಒಂದು ಭಾಗವಿದೆ. ಆ್ಯಡ್ ಬಾರ್ಡರ್, ಫಜಿ ಬಾರ್ಡರ್, ಓಲ್ಡ್ ಫೋಟೋ ಎಲ್ಲ ಅಲ್ಲೇ. ಎರಡು ಕ್ಲಿಕ್ಕಿಗೆ ಕೆಲಸ ಮುಗಿಯುತ್ತದೆ, ಆದರೆ ಎಲ್ಲರ ಫೋಟೋನೂ ಒಂದೇ ಥರ ಕಾಣುತ್ತದೆ. ನನಗೆ ಅಜ್ಜಿಯ ಇಳಕಲ್ ಸೀರೆಯ ಕೆಂಪು ದಡಿಯೇ ಬೇಕಿತ್ತು.

ಮೊದಲು ಸುಮ್ನೆ ದಡಿಯ ಫೋಟೋ ತೆಗೆದು ಸುತ್ತ ಅಂಟಿಸಿ ನೋಡಿದೆ. ಸರಿ ಬರಲಿಲ್ಲ. ಬಟ್ಟೆ ಎಷ್ಟು ಎಳೆದು ಹಾಸಿದರೂ ಒಂದು ಕಡೆ ವಾರೆ. ಕಿಟಕಿ ಬೆಳಕಿಗೆ ಎಡಗಡೆ ಕೆಂಪು, ಬಲಗಡೆ ಕಂದು. ತುಂಡು ತುಂಡು ಜೋಡಿಸಿದ ಜಾಗವೆಲ್ಲ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು.

ಆ ಸೀರೆಯ ಸೆರಗಿನ ಮೇಲೆ ಕಸೂತಿ ಇದೆ. ಅದನ್ನು ನೋಡುತ್ತಾ ಕೂತಾಗ ದಾರಿ ಹೊಳೆಯಿತು. ಕಸೂತಿ ಹಾಕುವವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ನೂಲಿನ ಎಳೆ ಎಣಿಸಿ ಹೊಲಿಗೆ ಹಾಕುತ್ತಾರೆ. ಕಂಪ್ಯೂಟರ್ ಚಿತ್ರದ ಚುಕ್ಕಿ, ಅಂದರೆ ಪಿಕ್ಸೆಲ್ ಕೂಡ ಎಣಿಸುವ ಚೌಕವೇ ಅಲ್ವಾ! ಕಸೂತಿಯ ಮುರಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಪಿಕ್ಸೆಲ್‌ನಲ್ಲಿ ಓರೆ ಗೆರೆ ಎಳೆದರೂ ಹಾಗೇ ಬರುತ್ತದೆ.

15×15 ಪಿಕ್ಸೆಲ್‌ನ ಪುಟಾಣಿ ಚಿತ್ರ ತೆರೆದು, ಗಾಢ ಕೆಂಪಿನ ಮೇಲೆ ಕಸೂತಿಯಲ್ಲಿ ಬರುವಂಥ ಬಿಳಿ ಗೋಪುರ ಬರೆದೆ. ಬ್ರಷ್ ಬೇಡ, ಪೆನ್ಸಿಲ್ ಟೂಲ್ ಬೇಕು. ಬ್ರಷ್ ಅಂಚನ್ನು ಮಸುಕು ಮಾಡುತ್ತದೆ. ಆಮೇಲೆ ಸ್ಕೇಲ್ ಇಮೇಜ್‌ನಲ್ಲಿ ಹತ್ತು ಪಟ್ಟು, ಅಂದರೆ 150×150. ಅಲ್ಲಿ ಇಂಟರ್‌ಪೊಲೇಶನ್ ಅನ್ನುವ ಕಡೆ 'ನನ್' (None) ಆರಿಸಬೇಕು. ಇಲ್ಲದಿದ್ದರೆ ಹೊಲಿಗೆಯೆಲ್ಲ ನೀರಲ್ಲಿ ನೆನೆದ ಹಾಗೆ ಕಲಸಿಹೋಗುತ್ತದೆ.

ಸುತ್ತ ಗೋಪುರದ ಸಾಲು ಜೋಡಿಸಿ ಅವ್ವನಿಗೆ ತೋರಿಸಿದೆ. ಕೆಳಗಿನ ಸಾಲನ್ನು ತಿರುಗಿಸಿ ಹಾಕಿದ್ದೆ.

"ಗೋಪುರ ಯಾರರೆ ತಲಿಕೆಳಗ ಮಾಡ್ತಾರೇನವಾ?" ಅಂದಳು.

ಸರಿ, ತಿರುಗಿಸದೆ ಇಟ್ಟರೆ? ಎಡಬಲದಲ್ಲಿ ಗೋಪುರದ ಮೇಲೆ ಗೋಪುರ ಕೂತು ಕಂಬದ ಹಾಗಾಯಿತು. ಮೂಲೆಯಲ್ಲಂತೂ ಯಾವ ಕಡೆ ಇಟ್ಟರೂ ವಿಚಿತ್ರ. ಸೀರೆಯಲ್ಲಿ ದಡಿ ನೆಟ್ಟಗೆ ಓಡುತ್ತದೆ, ಮೂಲೆ ತಿರುಗುವ ಪ್ರಶ್ನೆಯೇ ಇಲ್ಲ. ಫೋಟೋ ಬಾರ್ಡರ್‌ನಲ್ಲಿ ಮುಕ್ಕಾಲು ತಲೆನೋವು ಆ ನಾಲ್ಕು ಮೂಲೆಯದೇ.

ಗೋಪುರ ಬಿಟ್ಟು ಚಿಕ್ಕಿ ಬರೆದೆ. ಚಿಕ್ಕಿ ಅಂದರೆ ನಮ್ಮ ಕಡೆ ನಕ್ಷತ್ರ. ಯಾವ ಕಡೆಯಿಂದ ನೋಡಿದರೂ ಒಂದೇ. ಕಾಲು ಭಾಗ ಬರೆದು, ಫ್ಲಿಪ್ ಮಾಡಿ ಉಳಿದದ್ದು ಜೋಡಿಸಿದೆ. 16ರ ಬದಲು 15 ಇಟ್ಟಿದ್ದು ಇಲ್ಲಿ ಅನುಕೂಲವಾಯಿತು, ನಡುವೆ ಒಂದು ಸಾಲು ಸರಿಯಾಗಿ ಸಿಗುತ್ತದೆ.

ಇನ್ನು ಲೆಕ್ಕ. 8×12 ಇಂಚಿನ ಪ್ರಿಂಟ್, ಇಂಚಿಗೆ 300 ಪಿಕ್ಸೆಲ್, ಅಂದರೆ 2400×3600. 150ರಿಂದ ಭಾಗಿಸಿದರೆ 16 ಮತ್ತು 24. ಶೇಷ ಇಲ್ಲ, ಚಿಕ್ಕಿ ಅರ್ಧಕ್ಕೆ ಕತ್ತರಿಸುವುದಿಲ್ಲ. ಖುಷಿಯಿಂದ ಪ್ರಿಂಟ್ ಹಾಕಿಸಿದೆ. ಕಟ್ಟು ಹಾಕಿಸಿ ತಂದು ನೋಡಿದರೆ ಸುತ್ತಲೂ ಅರ್ಧರ್ಧ ಚಿಕ್ಕಿ ಮಾಯ! ಕಟ್ಟಿನ ಮರ ಸುತ್ತ ಐದಾರು ಮಿಲಿಮೀಟರ್ ನುಂಗಿತ್ತು. ಅಂಗಡಿಯವರ ತಪ್ಪಲ್ಲ, ಮೊದಲೇ ಕಟ್ಟಿನ ಒಳಗಿನ ತೋಡು ಅಳೆಯದ ನನ್ನದೇ ತಪ್ಪು.

ಎರಡನೇ ಸಲ ಹೊರಗೆ 75 ಪಿಕ್ಸೆಲ್ ಬರೀ ಕೆಂಪು ಬಿಟ್ಟೆ. ಉಳಿದದ್ದು 2250×3450, ಅಂದರೆ 15 ಮತ್ತು 23 ಚಿಕ್ಕಿ. ಎರಡೂ ಬೆಸ ಸಂಖ್ಯೆ, ಪ್ರತಿ ಬದಿಯ ನಡುಮಧ್ಯಕ್ಕೆ ಒಂದು ಚಿಕ್ಕಿ ಬಂದು ಕೂರುತ್ತದೆ. ಆ ಅಳತೆಯ ಬೇರೆ ಚಿತ್ರ ತೆರೆದೆ. ಚಿಕ್ಕಿಯನ್ನು ಕಾಪಿ ಮಾಡಿದರೆ ಗಿಂಪ್ ಅದನ್ನೇ ಪ್ಯಾಟರ್ನ್ ಆಗಿ ತೋರಿಸುತ್ತದೆ, ಅದನ್ನು ಇಡೀ ಚಿತ್ರಕ್ಕೆ ತುಂಬಿದೆ. ಆಮೇಲೆ ಸೆಲೆಕ್ಟ್ ಆಲ್, ಶ್ರಿಂಕ್ 150, ಡಿಲೀಟ್. ಅದಕ್ಕೂ ಮುಂಚೆ ಲೇಯರ್‌ಗೆ ಆಲ್ಫಾ ಚಾನೆಲ್ ಸೇರಿಸಿ, ಅಳಿಸಿದ ಜಾಗ ಪಾರದರ್ಶಕವಾಗಲು ಅದು ಬೇಕು. ಮರೆತರೆ ನಡುವೆ ಫೋಟೋ ಕಾಣುವ ಕಿಟಕಿಯ ಬದಲು ಹಿನ್ನೆಲೆ ಬಣ್ಣ ಬಂದು ಕೂರುತ್ತದೆ, ನಾನು ಎರಡು ಸಲ ಮರೆತೆ.

ಒಳಗೆ ಉಳಿದ ಕಿಟಕಿ 1950×3150. ಫೋಟೋವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದ್ದೆ, ಅದು 2100×3300. ಪ್ರತಿ ಬದಿ 75 ಪಿಕ್ಸೆಲ್ ಕತ್ತರಿಸಿದರೆ ಸರಿಹೋಯಿತು. ಮೂಲ ಫೋಟೋದಲ್ಲಿ ಅದು ಮೂರು ಮಿಲಿಮೀಟರ್ ಚಿಲ್ಲರೆ, ಹುಳ ತಿಂದದ್ದೂ ಅಷ್ಟೇ. ಇದು ನನ್ನ ಜಾಣತನ ಅಲ್ಲ, ಅದೃಷ್ಟ.

ಜೆಪೆಗ್ ಮಾಡುವಾಗ ಸಬ್‌ಸ್ಯಾಂಪ್ಲಿಂಗ್ 4:4:4 ಇಟ್ಟುಕೊಳ್ಳಿ, ಅಂದರೆ ಬಣ್ಣದ ವಿವರ ಕಡಿಮೆ ಮಾಡದ ಆಯ್ಕೆ. ಇಲ್ಲದಿದ್ದರೆ ಕೆಂಪು-ಬಿಳಿ ಸೇರುವ ಕಡೆ ಬಣ್ಣ ಹರಡಿದ ಹಾಗೆ ಕಾಣುತ್ತದೆ.

ಹೊಸ ಕಟ್ಟು ಗೋಡೆಗೆ ಏರಿದ ದಿನ ಅವ್ವ ಗಾಜಿನ ಮೇಲೆ ಬೆರಳಿಟ್ಟು ಚಿಕ್ಕಿ ಎಣಿಸಿದಳು. ಮೇಲಿನ ಸಾಲಿನ ಎಂಟನೆಯದಕ್ಕೆ ನಿಂತಳು. ಅದು ಸರಿಯಾಗಿ ಅಜ್ಜ-ಅಜ್ಜಿಯ ತಲೆಗಳ ನಡುವೆ ಇತ್ತು.