ಆಬ್ಸಿಂತ್‌ಗೆ ಸಕ್ಕರೆ ಹುಡುಕಿದ್ದು: ನನ್ನ ಅನುಭವ

ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುವ ನಮ್ಮ ಅಳಿಯ ಹೋದ ವರ್ಷ ಕೊಪ್ಪಳಕ್ಕೆ ಬಂದಾಗ ಒಂದು ಬಾಟಲಿ ಆಬ್ಸಿಂತ್ ತಂದುಕೊಟ್ಟ, ಸೋಂಪಿನ ರುಚಿಯ ಹಸಿರು ಮದ್ಯ. ಅದರಲ್ಲಿ ಆಲ್ಕೋಹಾಲ್ 68 ಪರ್ಸೆಂಟ್. ನಾವು ಕುಡಿಯುವ ವಿಸ್ಕಿ 42.8. ನೀಟ್ ಹಾಕುವ ಮಾತೇ ಇಲ್ಲ. ತಣ್ಣೀರು ಬೇಕು, ಸಕ್ಕರೆ ಬೇಕು. ತಣ್ಣೀರು ಫ್ರಿಜ್‌ನಲ್ಲಿತ್ತು. ಒದ್ದಾಡಿದ್ದು ಸಕ್ಕರೆಗೆ.

ಹಳೇ ಪದ್ಧತಿ ಸರಳ. ಗ್ಲಾಸಿಗೆ 30 ಎಂಎಲ್ ಹಾಕಿ, ಬಾಯಿಯ ಮೇಲೆ ತೂತಿನ ಚಮಚ ಅಡ್ಡ ಇಟ್ಟು, ಅದರ ಮೇಲೆ ಶುಗರ್ ಕ್ಯೂಬ್ ಕೂರಿಸಿ, ತಣ್ಣೀರನ್ನು ಹನಿಹನಿಯಾಗಿ ಬಿಡಬೇಕು. ಒಂದು ಪಾಲಿಗೆ ಮೂರರಿಂದ ಐದು ಪಾಲು ನೀರು. ತೂತಿನ ಚಮಚದ ಬದಲು ನಾನು ಫೋರ್ಕ್ ಇಟ್ಟೆ, ಏನೂ ತೊಂದರೆ ಆಗಲಿಲ್ಲ. ನೀರು ಬಿಡೋಕೆ ಸಣ್ಣ ಗಿಂಡಿ. ದೇವರ ಮನೆಯದಲ್ಲ, ಅದನ್ನು ಮುಟ್ಟಿದ್ದರೆ ಅವ್ವ ಮನೆಯಿಂದ ಹೊರಗೆ ಹಾಕುತ್ತಿದ್ದಳು.

ಅವತ್ತು ಮನೆಯಲ್ಲಿ ಕ್ಯೂಬ್ ಇರಲಿಲ್ಲ. ಮೊದಲು ಬತಾಸು ಇಟ್ಟೆ. ಒಳಗೆಲ್ಲ ಗಾಳಿ, ನಾಲ್ಕು ಹನಿ ಬೀಳುತ್ತಿದ್ದಂತೆ ಕುಸಿದು ಗ್ಲಾಸಿಗೇ ಬಿತ್ತು. ಆಮೇಲೆ ಕಲ್ಲುಸಕ್ಕರೆ. ನೀರು ಪೂರ್ತಿ ಆದರೂ ಅದು ಫೋರ್ಕ್ ಮೇಲೆ ಹಾಗೇ ಕೂತಿತ್ತು. ಮೂರನೆಯದು ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಡಬ್ಬಿಯಲ್ಲಿ ಒಂದು ಆನೆ ಉಳಿದಿತ್ತು, ಸೊಂಡಿಲು ಮುರಿದೆ. ಪಾಕ ಅಚ್ಚಿಗೆ ಹೊಯ್ದು ಮಾಡಿದ್ದಲ್ವಾ, ಗಟ್ಟಿ. ಆದರೂ ಕರಗಿತು, ನಿಧಾನಕ್ಕೆ. ಮೂರರಲ್ಲಿ ಅದೇ ವಾಸಿ.

ಆಗಲೇ ನನಗೆ ಗೊತ್ತಾಗಿದ್ದು, ಸಕ್ಕರೆಯಲ್ಲಿ ನೋಡಬೇಕಾದದ್ದು ಸಿಹಿಯನ್ನಲ್ಲ, ಕರಗುವ ಹೊತ್ತನ್ನು. ನೀರು ಮುಗಿಯುವಾಗ ಸಕ್ಕರೆಯೂ ಮುಗಿಯಬೇಕು. ಹನಿ ಬಿದ್ದ ಕಡೆ ಹಸಿರು ದ್ರವದಲ್ಲಿ ಹೊಗೆಯಂಥ ಎಳೆಗಳು ಏಳುತ್ತವೆ. ನೋಡ್ತಾ ನೋಡ್ತಾ ಇಡೀ ಗ್ಲಾಸು ಹಾಲಿನಂತೆ ಮಬ್ಬಾಗುತ್ತದೆ. ಸೋಂಪಿನ ಎಣ್ಣೆ ಮದ್ಯದಲ್ಲಿ ಕರಗುತ್ತದೆ, ನೀರು ಜಾಸ್ತಿಯಾದರೆ ಬೇರೆಯಾಗುತ್ತದೆ, ಅದೇ ಈ ಬಿಳುಪು. ಗೆಳೆಯ ಒಂದು ಗುಟುಕು ಕುಡಿದು, "ಏನ್ಲೇ ಇದು, ಬಡೇಸೋಪಿನ ಕಷಾಯ ಇದ್ದಂಗ ಐತಿ" ಅಂದ. ತಪ್ಪೇನಿಲ್ಲ. ಸೋಂಪಿನ ಹಿಂದೆ ಬರುವ ಕಹಿ ಮಾತ್ರ ಬೇರೆ ಗಿಡದ್ದು, ನಮ್ಮ ದವನದ ದಾಯಾದಿ. ಈ ಗಿಡದಿಂದ ಹುಚ್ಚು ಹಿಡಿಯುತ್ತೆ ಅನ್ನೋ ಭಯದಲ್ಲಿ ಸ್ವಿಟ್ಜರ್ಲೆಂಡ್ 1910ರಲ್ಲಿ, ಫ್ರಾನ್ಸ್ 1915ರಲ್ಲಿ ಇದನ್ನು ನಿಷೇಧಿಸಿದ್ದವು. ನಮಗೆ ಏರಿದ್ದು ಬರೀ ಮದ್ಯ.

ಸಕ್ಕರೆಗೆ ಬೆಂಕಿ ಹಚ್ಚೋದನ್ನು ವಿಡಿಯೋದಲ್ಲಿ ನೋಡಿ ಒಮ್ಮೆ ಮಾಡಿದೆ. ಗ್ಲಾಸು ಸೀಳಿತು, ಕುಡಿದರೆ ಸೀದ ವಾಸನೆ. ಅದು ಹಳೇ ಪದ್ಧತಿಯೂ ಅಲ್ಲ, 1990ರ ದಶಕದಲ್ಲಿ ಜೆಕ್ ಕಡೆಯಿಂದ ಹಬ್ಬಿದ ಆಟ.

ಈಗ ಹುಬ್ಬಳ್ಳಿಗೆ ಹೋದಾಗ ಬಿಳಿ ಕ್ಯೂಬಿನ ಡಬ್ಬಿ ತರುತ್ತೇನೆ. ಉಗುರಿನಿಂದ ಕೆರೆದು ನೋಡುತ್ತೇನೆ. ಪುಡಿ ಉದುರಿದರೆ ಅದು ಚಹಾಕ್ಕೆ. ಕಂದು ಕ್ಯೂಬ್ ನನಗೆ ಹಿಡಿಸಲಿಲ್ಲ, ಬೆಲ್ಲದ ವಾಸನೆ ಸೋಂಪನ್ನು ಮುಚ್ಚುತ್ತದೆ. ಒಂದು ಗ್ಲಾಸಿಗೆ ಒಂದೇ ಕ್ಯೂಬ್ ಸಾಕು. ಮೊನ್ನೆ ಅರ್ಧವೇ ಹಾಕಿದ್ದೆ, ಅದೇ ರುಚಿ ಅನ್ನಿಸಿತು. ಆನೆಯ ಸೊಂಡಿಲಿನ ವಿಷಯ ಅವ್ವನಿಗೆ ಇನ್ನೂ ಹೇಳಿಲ್ಲ. ಇಲಿ ತಿಂದಿರಬೇಕು ಅಂದುಕೊಂಡಿದ್ದಾಳೆ.