ಕೆಸರಿನಲ್ಲಿ ಉಳಿದ ಎಲೆಯ ಮೇಣವನ್ನು ಓದುವುದು ಹೀಗೆ

ಕೆರೆತಳದ ಕೆಸರು ಕೈಗೆ ಬಂತಾ? ಮೊದಲು ಪ್ಲಾಸ್ಟಿಕ್ ದೂರ ಇಡಿ. ಅದು ಬಿಡುವ ರಾಸಾಯನಿಕ, ನಿಮ್ಮ ಬೆರಳಿನ ಜಿಡ್ಡು ಕೂಡ, ಕೆಸರಿನಲ್ಲಿರುವ ಸಾವಿರಾರು ವರ್ಷ ಹಳೆಯ ಕೊಬ್ಬಿನ (ಎಲೆಯ ಮೇಣವೂ ಇದರಲ್ಲೇ ಸೇರಿದೆ) ಜೊತೆ ಬೆರೆತುಬಿಡುತ್ತದೆ. 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ.

ಆಮೇಲೆ ಫ್ರೀಜ್ ಡ್ರೈ ಮಾಡಿ (ಹೆಪ್ಪುಗಟ್ಟಿಸಿಯೇ ನೀರು ತೆಗೆದು), ಪುಡಿ ಮಾಡಿ, ಡೈಕ್ಲೋರೋಮೀಥೇನ್ ಮತ್ತು ಮೆಥನಾಲ್ ಎಂಬ ದ್ರಾವಕಗಳ ಮಿಶ್ರಣದಲ್ಲಿ ಕೊಬ್ಬನ್ನು ಬಿಡಿಸಿಕೊಳ್ಳಿ. ಇದನ್ನು ಫ್ಯೂಮ್ ಹುಡ್ (ಆವಿಯನ್ನು ಹೊರಕ್ಕೆ ಎಳೆಯುವ ಗೂಡು) ಒಳಗೇ ಮಾಡಬೇಕು. ಆ ಕೊಬ್ಬನ್ನು ಸಿಲಿಕಾ ಪುಡಿ ತುಂಬಿದ ಕೊಳವೆಗೆ (ಕಾಲಂ) ಹಾಕಿ ಹೆಕ್ಸೇನ್ ಎಂಬ ದ್ರಾವಕ ಹರಿಸಿದರೆ ಹೈಡ್ರೋಕಾರ್ಬನ್ (ಬರೀ ಕಾರ್ಬನ್, ಹೈಡ್ರೋಜನ್ ಇರುವ ಅಣುಗಳು) ಬೇರೆಯಾಗುತ್ತದೆ, ಅದನ್ನು ಜಿಸಿ-ಎಂಎಸ್‌ಗೆ, ಅಂದರೆ ಅಣುಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರಕ್ಕೆ, ಕೊಡಿ.

ನನಗೆ ತುಂಬಾ ಇಷ್ಟದ ಹಂತ ಮುಂದಿನದು. ಯಂತ್ರದ ಪರದೆಯಲ್ಲಿ 27, 29, 31 ಕಾರ್ಬನ್‌ಗಳಿರುವ ಅಣುಗಳ ಶಿಖರ ಎತ್ತರಕ್ಕಿದ್ದು ನಡುವಿನ 28, 30 ಕುಳ್ಳಗಿದ್ದರೆ, ಅದು ನೆಲದ ಗಿಡಗಳ ಎಲೆಮೇಣ. 17 ಜಾಸ್ತಿ ಇದ್ದರೆ ಪಾಚಿಯ ಗುರುತು. ಬೆಸ-ಸಮದ ವ್ಯತ್ಯಾಸವೇ ಇಲ್ವಾ? ಪೆಟ್ರೋಲಿಯಂ ಬೆರೆತಿರಬಹುದು. ಕೆಸರು ಹಾಕದೆ ಅದೇ ಹಂತಗಳನ್ನು ದಾಟಿಸಿದ ಬ್ಲಾಂಕ್ ಜೊತೆ ಹೋಲಿಸಿ ನೋಡಿ.